ಹೊರದೇಶದಲ್ಲಿದ್ದುಕೊಂಡು ಮಲೆನಾಡಿನ ಹಳೇ ಹೆಂಚಿನ ಮನೆ ಕೊಳ್ಳುವವರಿಗೆ

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಪ್ಪದ ಕಡೆ ಬೀಗ ಬಿದ್ದ ಹೆಂಚಿನ ಮನೆಗಳು ಈಗ ಊರೂರಲ್ಲೂ ಸಿಗುತ್ತವೆ. ಮಕ್ಕಳು ಬೆಂಗಳೂರಿಗೋ ಅಮೆರಿಕಕ್ಕೋ ಹೋದರು, ಹಿರಿಯರು ತೀರಿಕೊಂಡರು, ಪಾಲುದಾರರಲ್ಲಿ ಒಬ್ಬರಿಗೂ ಅಲ್ಲಿ ಒಲೆ ಹಚ್ಚುವ ಪುರುಸೊತ್ತಿಲ್ಲ. ಅದಕ್ಕೇ ಅದೇ ಊರಿನ ಹೊಸ ಆರ್‌ಸಿಸಿ ಮನೆಗಿಂತ ಇವು ಅಗ್ಗಕ್ಕೆ ಮಾರಾಟಕ್ಕೆ ಬರುತ್ತವೆ. ದುಬೈ, ಸಿಂಗಪುರ, ನ್ಯೂಜೆರ್ಸಿಯಲ್ಲಿರುವವರು ವರ್ಷಕ್ಕೊಂದು ತಿಂಗಳು ಬಂದಿರಲು ಇಂಥದ್ದೊಂದನ್ನು ಹುಡುಕುವುದು ಒಳ್ಳೆಯ ಸುದ್ದಿಯೇ. ಕೊಂಡವರು ಸೂರು ಕಾದರೆ ಮನೆ ಇನ್ನೊಂದು ತಲೆಮಾರು ನಿಲ್ಲುತ್ತದೆ. ಕಾಯುವವರಿಲ್ಲದ ಮನೆ ನಾಲ್ಕಾರು ಮಳೆಗಾಲದಲ್ಲಿ ಮಣ್ಣು ಸೇರುತ್ತದೆ.

ಮನೆ ಅಗ್ಗವಾಗಿರುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡು ಕಡೆ ಅಡಗಿರುತ್ತದೆ: ಕೆಳಗಿನ ನೆಲದ ಕಾಗದದಲ್ಲಿ, ಇಲ್ಲವೇ ಮೇಲಿನ ಸೂರಿನ ಮರದಲ್ಲಿ. ಗೋಡೆ, ಬಚ್ಚಲು, ವೈರಿಂಗ್ ಎಲ್ಲ ದುಡ್ಡು ಸುರಿದರೆ ನೇರವಾಗುತ್ತವೆ. ನೆಲದ ಕಾಗದ ಹಾಳಾಗಿದ್ದರೆ ದುಡ್ಡೂ ಕೈಹಿಡಿಯುವುದಿಲ್ಲ. ಹಾಗಾಗಿ ಮೊದಲು ನೆಲ, ಆಮೇಲೆ ಸೂರು.

ಯಾವ ಮನೆ ಕೊಳ್ಳಬಹುದು, ಯಾವುದು ಕೂಡದು

ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡ್ (ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಇರುವವರು ಭಾರತದಲ್ಲಿ ವಾಸದ ಮನೆ, ನಿವೇಶನ, ವಾಣಿಜ್ಯ ಕಟ್ಟಡ ಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಮುಂಗಡ ಅನುಮತಿ ಬೇಡ. ಕೊಳ್ಳಕೂಡದ್ದು ಮೂರು: ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್‌ಹೌಸ್. ಇದು ವಿದೇಶಿ ವಿನಿಮಯ ಕಾನೂನು, ಅಂದರೆ ಫೆಮಾದ ಮಾತು. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ "ಈಗ ಯಾರು ಬೇಕಾದರೂ ತೋಟ ತಗೋಬಹುದು ಸಾರ್" ಎಂದು ದಲ್ಲಾಳಿಗಳು ಹೇಳುತ್ತಾರೆ. ಆ ತಿದ್ದುಪಡಿ ರಾಜ್ಯದ ಕಾನೂನಿನದು. ಕೇಂದ್ರದ ಫೆಮಾ ನಿರ್ಬಂಧ ನಿಮ್ಮ ಮೇಲೆ ಹಾಗೇ ಇದೆ. ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು.

ಹಾಸನ, ಚಿಕ್ಕಮಗಳೂರಿನಲ್ಲಿ ಇದು ಬಹಳ ಜನ ಜಾರುವ ಜಾಗ. "ಎರಡು ಎಕರೆ ಕಾಫಿ, ನಡುವೆ ಹಳೇ ಬಂಗಲೆ" ಎಂಬ ಜಾಹೀರಾತು ನೋಡಿದರೆ ಮನಸ್ಸು ಕರಗುತ್ತದೆ. ಅದು ಪಹಣಿ, ಅಂದರೆ ಕೃಷಿ ಜಮೀನಿನ ದಾಖಲೆ, ಇರುವ ಜಮೀನು. ಬಂಗಲೆ ಎಷ್ಟೇ ಚೆಂದ ಇರಲಿ, ನಿಮ್ಮ ಪಾಲಿಗೆ ಅದು ತೋಟವೇ. "ತೋಟ ನಿಮ್ಮ ಮಾವನ ಹೆಸರಿಗೆ, ಮನೆ ನಿಮ್ಮ ಹೆಸರಿಗೆ ಮಾಡೋಣ, ದುಡ್ಡು ನೀವೇ ಕೊಡಿ" ಎಂಬ ಉಪಾಯಕ್ಕೂ ಒಪ್ಪಬೇಡಿ. ನಿಮ್ಮ ಹಣದಲ್ಲಿ ಸ್ನೇಹಿತರ, ಮಾವನವರ ಹೆಸರಿಗೆ ಕೊಂಡ ಆಸ್ತಿ ಬೇನಾಮಿ ಕಾಯ್ದೆಯ ಬಾಯಿಗೆ ಬೀಳುತ್ತದೆ. ಅಪ್ಪನಿಂದ ವಾರಸಾಗಿ ಬಂದ ತೋಟದ ವಿಷಯ ಬೇರೆ. ಅದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ನಿಮಗೆ ಬೇಕಾದ್ದು ಗ್ರಾಮಠಾಣಾದೊಳಗಿನ ಮನೆ, ಇಲ್ಲವೇ ವಾಸಕ್ಕೆಂದು ಭೂಪರಿವರ್ತನೆಯಾದ ಜಾಗದ ಮನೆ. ಗ್ರಾಮಠಾಣಾ ಎಂದರೆ ಸರ್ವೆ ನಕಾಶೆಯಲ್ಲಿ ಊರು ಎಂದು ಗುರುತಿಸಿದ ಜಾಗ. ದೇವಸ್ಥಾನದ ಬೀದಿ, ಅರಳಿಕಟ್ಟೆ ಸುತ್ತಲಿನ ಹಳೇ ಮನೆಗಳು ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಮಲೆನಾಡಿನ ಒಂಟಿ ಮನೆಗಳು, ಗದ್ದೆಯಂಚಿನ, ತೋಟದ ನಡುವಿನ ಮನೆಗಳು ಬಹುಪಾಲು ಅದರ ಹೊರಗೆ. ಒಂಟಿ ಮನೆಯ ಆಸೆಯಿಂದ ಬಂದವರಿಗೆ ಇದು ಬೇಸರದ ಮಾತು, ಆದರೂ ಹುಡುಕಾಟ ಶುರುಮಾಡುವ ಮುಂಚೆಯೇ ಮನಸ್ಸಿಗೆ ಹಾಕಿಕೊಳ್ಳಿ.

ಕಾಗದ ನೋಡುವ ಕ್ರಮ

ಮೊದಲು ಕೇಳಬೇಕಾದ್ದು ಇ-ಸ್ವತ್ತಿನ (ಗ್ರಾಮ ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ. ಪಂಚಾಯ್ತಿ ಕೊಡುವ ಈ ಎರಡು ಹಾಳೆಯಲ್ಲಿ ಮಾಲೀಕರ ಹೆಸರು, ಉದ್ದಗಲ, ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಇರುತ್ತವೆ. ಕೊಡುವುದು 11ಬಿ ಆಗಿದ್ದರೆ ಆ ಸ್ವತ್ತು ಗ್ರಾಮಠಾಣಾ ಅಥವಾ ಅನುಮೋದಿತ ಬಡಾವಣೆಯ ಚೌಕಟ್ಟಿಗೆ ಬರಲಿಲ್ಲ ಎಂದೇ ಅರ್ಥ. ದೂರದಲ್ಲಿ ಕೂತು ಅದನ್ನು ಸರಿಪಡಿಸಿಕೊಳ್ಳುತ್ತೇನೆಂಬ ಹುಮ್ಮಸ್ಸು ಬೇಡ, ಬಿಟ್ಟುಬಿಡಿ. ಪಟ್ಟಣದ ಮನೆಯಾದರೆ ಪುರಸಭೆ ಅಥವಾ ನಗರಸಭೆಯ ಇ-ಖಾತೆ ಕೇಳಿ.

ಎರಡನೆಯದಾಗಿ, ನಿಮ್ಮ ಕಡೆಯವರೊಬ್ಬರನ್ನು ಆ ಮನೆಯ ಅಂಗಳದಲ್ಲಿ ನಿಲ್ಲಿಸಿ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಸಿ. ರಾಜ್ಯ ಸರ್ಕಾರದ ಈ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಅಂಗಳದಲ್ಲಿ ಒಂದು, ಕೊಟ್ಟಿಗೆಯ ಹಿಂದೆ ಒಂದು, ಬಾವಿಯ ಬಳಿ ಒಂದು, ಹೀಗೆ ಮೂರು ಕಡೆ ಸ್ಕ್ರೀನ್‌ಶಾಟ್ ತೆಗೆಸಿ. ಮನೆ ಗ್ರಾಮಠಾಣಾದಲ್ಲಿದ್ದು ಬಾವಿ ಪಕ್ಕದ ಸರ್ಕಾರಿ ಸರ್ವೆ ನಂಬರಿನಲ್ಲಿರುವುದು ಅಪರೂಪವೇನಲ್ಲ. ಆ್ಯಪಿನ ಗುರುತು ಕೆಲವು ಮೀಟರ್ ಆಚೀಚೆ ಆಗಬಹುದು, ಅದು ಕೊನೆಯ ಸಾಕ್ಷಿಯಲ್ಲ. ಅನುಮಾನ ಬಂದರೆ ಸರ್ವೆಯರ್ ಕರೆಸಿ ಅಳೆಸಿ.

ಜಾಗಕ್ಕೆ ಮೂಲ ಹೇಗೆ ಬಂತು ಎಂಬುದು ಮೂರನೆಯ ಪ್ರಶ್ನೆ. ಸರ್ಕಾರಿ ಜಾಗದಲ್ಲಿ ಕಟ್ಟಿ ಆಮೇಲೆ ಭೂಕಂದಾಯ ಕಾಯ್ದೆಯ 94ಸಿ ಕಲಂ ಅಡಿಯಲ್ಲಿ ಸಕ್ರಮವಾದ ಮನೆಯೋ? ಹಕ್ಕುಪತ್ರದ ಷರತ್ತುಗಳನ್ನು ಒಂದೊಂದಾಗಿ ಓದಿಸಿ, ಪರಭಾರೆ (ಬೇರೆಯವರಿಗೆ ಮಾರುವುದು, ಕೊಡುವುದು) ನಿಷೇಧದ ಸಾಲು ಅಲ್ಲಿರುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ನಿಲ್ಲುವುದಿಲ್ಲ, 2023ರ ತಿದ್ದುಪಡಿಯ ಮೇಲೆ ಕಾಲಮಿತಿಯ ನೆಪವೂ ಇಲ್ಲ. ಕಳಸ, ಕೊಪ್ಪ, ಮೂಡಿಗೆರೆ, ಸಕಲೇಶಪುರದ ಕಾಡಂಚಿನಲ್ಲಿ ಇನ್ನೊಂದು ಪ್ರಶ್ನೆ ಸೇರುತ್ತದೆ: ಆ ಸರ್ವೆ ನಂಬರ್ ಮೇಲೆ ಅರಣ್ಯ ಕಾಯ್ದೆಯ ಸೆಕ್ಷನ್ 4 ಅಧಿಸೂಚನೆ (ಮೀಸಲು ಅರಣ್ಯ ಮಾಡುವ ಉದ್ದೇಶದ್ದು) ಇದೆಯೇ, ಡೀಮ್ಡ್ ಅರಣ್ಯದ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದು ಪರಿಗಣಿಸಿದ ಜಾಗದ) ಪಟ್ಟಿಯಲ್ಲಿ ಬಂದಿದೆಯೇ? ತಾಲ್ಲೂಕು ಕಚೇರಿ ಮತ್ತು ವಲಯ ಅರಣ್ಯಾಧಿಕಾರಿ ಕಚೇರಿ ಎರಡರಲ್ಲೂ ಬರಹದಲ್ಲಿ ವಿಚಾರಿಸಿ. ಬಾಯಿಮಾತಿನ "ಏನೂ ಇಲ್ಲ ಬಿಡಿ" ಲೆಕ್ಕಕ್ಕಿಲ್ಲ.

ನಾಲ್ಕನೆಯದು ವಂಶವೃಕ್ಷ. ಹಳೇ ಮನೆಯ ವ್ಯವಹಾರ ಹೆಚ್ಚಾಗಿ ಮುರಿಯುವುದು ಇಲ್ಲೇ. ಖಾತೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿರುತ್ತದೆ, ಮಾರಲು ಬರುವವರು ಊರಲ್ಲಿರುವ ಒಬ್ಬ ಮೊಮ್ಮಗ. ಮೊದಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ, ಆಗಲಿ, ಆಮೇಲೆ ಮಾತು. ಹೆಣ್ಣುಮಕ್ಕಳ ಹೆಸರು ವಂಶವೃಕ್ಷದಲ್ಲಿ ಬಿಟ್ಟುಹೋಗಿದೆಯೇ ಎಂದು ಬೇರೆಯಾಗಿ ವಿಚಾರಿಸಿ. 2005ರ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರ ಇದ್ದರೆ ಅದಕ್ಕೆ ಧಕ್ಕೆಯಿಲ್ಲ. ಇಲ್ಲದಿದ್ದರೆ ಶಿವಮೊಗ್ಗದಲ್ಲಿರುವ ಅಕ್ಕ, ಪುಣೆಯಲ್ಲಿರುವ ತಂಗಿ, ತೀರಿಕೊಂಡ ಅತ್ತೆಯ ಮಕ್ಕಳು ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಟ್ಟಿರಬೇಕು. "ಅವರೆಲ್ಲ ಒಪ್ಪಿದ್ದಾರೆ" ಎಂದರೆ ಸಾಲದು. ಸಹಿ ತಪ್ಪಿದ ಒಬ್ಬರು ಹತ್ತು ವರ್ಷದ ಮೇಲೆ ಪಾಲಿನ ದಾವೆ ಹಾಕಿದರೆ ನೀವು ಅಲ್ಲಿಂದ ಹಾರಿ ಬಂದು ಕೋರ್ಟು ಅಲೆಯಬೇಕಾಗುತ್ತದೆ.

ಋಣಭಾರ ಪತ್ರ (ಇಸಿ: ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ಕನಿಷ್ಠ 30 ವರ್ಷದ್ದು ಬೇಕು. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಸಿಗುತ್ತದೆ, ಹಿಂದಿನದಕ್ಕೆ ಆ ತಾಲ್ಲೂಕಿನ ಉಪನೋಂದಣಿ ಕಚೇರಿಗೆ ಅರ್ಜಿ ಕೊಡಬೇಕು. ಸಹಕಾರ ಸಂಘದಲ್ಲಿ ಸಾಲ ಇದೆಯೇ ಎಂಬುದನ್ನು ಅಲ್ಲೇ ಹೋಗಿ ಕೇಳುವುದು ಮೇಲು. ಕೊನೆಗೆ ಸ್ಥಳೀಯ ಪತ್ರಿಕೆಯಲ್ಲಿ ತಕರಾರು ಆಹ್ವಾನಿಸಿ ಒಂದು ಸಾರ್ವಜನಿಕ ಪ್ರಕಟಣೆ ಕೊಡಿಸಿ.

ದಾರಿ

ಇದಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು. ಮಲೆನಾಡಿನ ಎಷ್ಟೋ ಮನೆಗಳಿಗೆ ಜೀಪು ಹೋಗುವ ದಾರಿ ಪಕ್ಕದವರ ತೋಟದೊಳಗೆ ಹಾದಿರುತ್ತದೆ. ಇಷ್ಟು ದಿನ ನೆಂಟಸ್ತಿಕೆಯಿಂದಲೋ ವಿಶ್ವಾಸದಿಂದಲೋ ಬಿಟ್ಟಿದ್ದರು. ಹೊರಗಿನವರು ಕೊಂಡರು ಎಂದಾಕ್ಷಣ ತಂತಿಬೇಲಿ ಬರುತ್ತದೆ. ಆ ದಾರಿ ಗ್ರಾಮ ನಕಾಶೆಯಲ್ಲಿದೆಯೇ ನೋಡಿ. ನಕಾಶೆ ಕಂಡ ದಾರಿಯಾದರೆ ನೆಮ್ಮದಿ. ಇಲ್ಲವಾದರೆ ಆ ತೋಟದವರಿಂದ ಅಗಲ ನಮೂದಿಸಿದ ನೋಂದಾಯಿತ ದಾರಿ ಹಕ್ಕಿನ ಪತ್ರ ಮೊದಲು ಆಗಲಿ. ಅಗಲ ಕನಿಷ್ಠ 10 ಅಡಿ ಇರಲಿ: ಹೆಂಚು, ಮರಳು ತರುವ ಟಿಪ್ಪರ್ ಒಳಗೆ ಬರದಿದ್ದರೆ ರಿಪೇರಿಗೆ ತಲೆಹೊರೆಯ ಕೂಲಿ ಸೇರುತ್ತದೆ.

ಸೂರು ನೋಡುವುದು

ಮನೆಯನ್ನು ಎರಡು ಸಲ ನೋಡಬೇಕು: ಒಮ್ಮೆ ಜುಲೈ-ಆಗಸ್ಟಿನ ಪುಷ್ಯ, ಆಶ್ಲೇಷ ಮಳೆಯಲ್ಲಿ, ಒಮ್ಮೆ ಮಾರ್ಚ್ ಕೊನೆಯಲ್ಲಿ. ಮಳೆಯಲ್ಲಿ ಸೋರಿಕೆ, ಬೇಸಿಗೆಯಲ್ಲಿ ಬಾವಿ. ನಿಮಗೆ ಬರಲಾಗದಿದ್ದರೆ ಹಳೇ ಮನೆ ಕೆಲಸ ಗೊತ್ತಿರುವ ಬಡಗಿಯೊಬ್ಬರಿಗೆ ಒಂದು ದಿನದ ಸಂಬಳ ಕೊಟ್ಟು ಕಳಿಸಿ, ನೀವು ವಿಡಿಯೋ ಕರೆಯಲ್ಲಿರಿ. ಅಂಗಳದಿಂದ ತೆಗೆದ ಫೋಟೋದಲ್ಲಿ ಎಲ್ಲ ಹೆಂಚಿನ ಮನೆಯೂ ಚೆಂದವೇ.

ಮೊದಲು ಅಟ್ಟ ಹತ್ತಿಸಿ. ಹಗಲಲ್ಲಿ, ಕಿಟಕಿ ಬಾಗಿಲು ಮುಚ್ಚಿ, ಟಾರ್ಚ್ ಆರಿಸಿ ಎರಡು ನಿಮಿಷ ಸುಮ್ಮನೆ ನಿಲ್ಲಲು ಹೇಳಿ. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಹೆಂಚು ಒಡೆದ, ಸರಿದ ಕಡೆಯೆಲ್ಲ ಬೆಳಕಿನ ಚುಕ್ಕಿ ಕಾಣುತ್ತದೆ. ಚುಕ್ಕಿಗಳು ಚದುರಿಕೊಂಡಿದ್ದರೆ ಹೆಂಚಿನ ತೊಂದರೆ, ಸಣ್ಣ ಕೆಲಸ. ಒಂದೇ ಸಾಲಿನಲ್ಲಿ ಉದ್ದಕ್ಕೆ ಕಂಡರೆ ಆ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಅಥವಾ ಕೆಳಗಿನ ಪಕಾಸಿ (ಇಳಿಜಾರಿನ ಮರದ ತೊಲೆ) ಬಾಗಿದೆ ಎಂದರ್ಥ.

ಇನ್ನು ಮರ. ಪಕಾಸಿ ಗೋಡೆಯ ಮೇಲೆ ಕೂರುವ ತುದಿ, ಎರಡು ಸೂರು ಕೂಡುವ ಮೂಲೆಯ ತಗಡಿನ ದಂಬೆಯ (ಮಳೆನೀರು ಹರಿಯುವ ತೋಡು) ಅಡಿ, ಬಚ್ಚಲಿನ ಮೇಲ್ಭಾಗ: ಮರ ಮೊದಲು ಕೊಳೆಯುವುದು ಈ ಮೂರು ಕಡೆ. ಸ್ಕ್ರೂಡ್ರೈವರ್ ಒತ್ತಿಸಿ ನೋಡಿ. ಗಟ್ಟಿ ಹೊನ್ನೆ, ಹಲಸು ತುದಿಯನ್ನೂ ಬಿಡುವುದಿಲ್ಲ. ಕಾಲಿಂಚು ಸಲೀಸಾಗಿ ಇಳಿದರೆ ಆ ಪಕಾಸಿ ಬದಲಾಗಬೇಕು. ತೊಲೆಯನ್ನು ಸುತ್ತಿಗೆಯಿಂದ ತಟ್ಟುತ್ತಾ ಹೋದರೆ ಟೊಳ್ಳಾದ ಕಡೆ ಸದ್ದು ದಪ್ಪಗಾಗುತ್ತದೆ. ಕೆಳಗೆ ಹಳದಿ ಹಿಟ್ಟು ಉದುರಿದ್ದರೆ ಕುಟ್ಟೆ ಹುಳ, ಗೋಡೆಯ ಮೇಲೆ ಮಣ್ಣಿನ ಗೆರೆ ಏರಿದ್ದರೆ ಗೆದ್ದಲು. ಗೆದ್ದಲಿಗೆ ಗೋಡೆ ಮತ್ತು ನೆಲ ಕೂಡುವ ಗೆರೆಯಲ್ಲಿ ಅಡಿಗೊಂದರಂತೆ 12 ಮಿಲಿಮೀಟರ್ ತೂತು ಕೊರೆದು ಔಷಧ ತುಂಬುತ್ತಾರೆ. ಕ್ಲೋರ್‌ಪೈರಿಫಾಸ್ 20 ಇಸಿ ಆದರೆ 1 ಲೀಟರಿಗೆ 19 ಲೀಟರ್ ನೀರು. ಕುಡಿಯುವ ಬಾವಿಯ ಬಳಿ ಇದನ್ನು ಹಾಕಿಸಲೇಬೇಡಿ.

ಹೆಂಚಿನ ಲೆಕ್ಕ ಸುಲಭ. ಮಂಗಳೂರು ಹೆಂಚು ಒಂದು ಚದರಕ್ಕೆ, ಅಂದರೆ 100 ಚದರಡಿ ಸೂರಿಗೆ, ಸುಮಾರು 140 ಬೇಕು. ಒಡೆಯುವ ಲೆಕ್ಕ ಸೇರಿಸಿ 155 ತರಿಸಿ. ಅಳೆಯುವುದು ಸೂರಿನ ಇಳಿಜಾರನ್ನು, ನೆಲವನ್ನಲ್ಲ. ನೆಲದ ಅಳತೆ ಕೊಟ್ಟು ಹೆಂಚು ಕಡಿಮೆ ಬೀಳಿಸಿಕೊಳ್ಳುವವರು ಬಹಳ. ಹೆಂಚೊಂದು ಎರಡೂವರೆ ಕೆಜಿ ಎಂದರೂ ಚದರಕ್ಕೆ 350 ಕೆಜಿ, ಮಳೆ ಕುಡಿದಾಗ ಇನ್ನೂ ಹೆಚ್ಚು. ಮೂರು ಪಕಾಸಿ ಸೋತ ಸೂರಿಗೆ ಆಷಾಢದಲ್ಲಿ ಯಾಕೆ ಬೆನ್ನು ಮುರಿಯುತ್ತದೆ ಎಂಬುದು ಇದರಲ್ಲೇ ಇದೆ. ಹಳೇ ಹೆಂಚನ್ನು ಬೆರಳಿಂದ ಬಾರಿಸಿ: ಟಣ್ ಎಂದರೆ ಇಟ್ಟುಕೊಳ್ಳಿ, ಮಂಕಾಗಿ ಬಡಿದರೆ ಬಿರುಕು. ಹೊಸದು ಬೇರೆ ಕಾರ್ಖಾನೆಯದಾದರೆ ಹಳೆಯದರ ಅಂಚಿನ ತೋಡಿಗೆ ಕೂರುವುದಿಲ್ಲ, ಸೇರುವ ಕಡೆಯೆಲ್ಲ ನೀರು ನುಗ್ಗುತ್ತದೆ. ಒಂದು ಇಳಿಜಾರಿಗೆ ಪೂರ್ತಿ ಹಳೆಯದು, ಇನ್ನೊಂದಕ್ಕೆ ಪೂರ್ತಿ ಹೊಸದು ಹಾಕಿಸಿ, ಬೆರೆಸಬೇಡಿ.

ಗೋಡೆ, ಧರೆ, ನೀರು

ಮಣ್ಣಿನ ಗೋಡೆಗೆ ಸಿಮೆಂಟ್ ಗಾರೆ ಬಳಿದು "ಗಟ್ಟಿ" ಮಾಡಿದ ಮನೆಯ ಬಗ್ಗೆ ಎಚ್ಚರ. ಮಣ್ಣಿನ ಗೋಡೆ ನೆಲದ ತೇವ ಹೀರಿ ಬೇಸಿಗೆಯಲ್ಲಿ ಬಿಡುತ್ತದೆ. ಸಿಮೆಂಟು ಆ ಉಸಿರು ಕಟ್ಟಿಸುತ್ತದೆ. ತೇವ ಒಳಗೇ ನಿಂತು ಮಣ್ಣು ಮೆತ್ತಗಾಗಿ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗಾರೆ ಹಾಳೆಹಾಳೆಯಾಗಿ ಕಳಚುತ್ತದೆ, ಜೊತೆಗೆ ಗೋಡೆಯ ಚರ್ಮವನ್ನೂ ಕೀಳುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಬಂದಷ್ಟು ಜಾಗವನ್ನು ಸೀಮೆಸುಣ್ಣದಲ್ಲಿ ಗುರುತು ಹಾಕಿಸಿ, ರಿಪೇರಿಯ ಅಂದಾಜು ಸಿಗುತ್ತದೆ. ಬದಲಿಗೆ ಹಾಕಬೇಕಾದ್ದು ವಾರಕ್ಕೂ ಹೆಚ್ಚು ನೀರಲ್ಲಿ ನೆನೆಸಿದ ಸುಣ್ಣ 1 ಪಾಲು, ಮರಳು 3 ಪಾಲು. ಮೇಲೆ ಸುಣ್ಣವೇ, ಪ್ಲಾಸ್ಟಿಕ್ ಪೇಂಟ್ ಬೇಡ.

ಮನೆಯ ಹಿಂದೆ ಗುಡ್ಡ ಕಡಿದ ಧರೆ ಇದ್ದರೆ ಅದರ ಎತ್ತರದಷ್ಟಾದರೂ ದೂರ ಮನೆ ಇರಲಿ. ಧರೆಯ ನೆತ್ತಿಯಲ್ಲಿ ಉದ್ದ ಬಿರುಕು, ವಾಲಿದ ಮರ, ಬೇಸಿಗೆಯಲ್ಲೂ ಒಸರುವ ನೀರು, ಮೂರರಲ್ಲಿ ಒಂದು ಕಂಡರೂ ಆ ಮನೆ ಬೇಡ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಂಥ ಊರುಗಳನ್ನು ಗುಡ್ಡ ಕುಸಿತ ಹೇಗೆ ಬರಿದು ಮಾಡಿತು ಎಂಬುದನ್ನು ಅಲ್ಲಿಯವರು ಇನ್ನೂ ಮರೆತಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಆನೆ ಓಡಾಟದ ಬಗ್ಗೆ ಅಕ್ಕಪಕ್ಕದ ಮನೆಯವರನ್ನೇ ಕೇಳಿ. ಅಂಗಳಕ್ಕೆ ತಾಗಿದ ಹಲಸಿನ ಮರ ಫೋಟೋದಲ್ಲಿ ಸೊಗಸು, ಕಾಯಿ ಬಲಿಯುವ ಕಾಲಕ್ಕೆ ಅದೇ ಕರೆಯೋಲೆ. ಕಾಯಿಯನ್ನು ಎಳೆಯದರಲ್ಲೇ ಇಳಿಸುವ ಏರ್ಪಾಡು ಬೇಕು.

ವಿದ್ಯುತ್ತಿಗೆ ಹಾಸನ ಜಿಲ್ಲೆಯಲ್ಲಿ ಸೆಸ್ಕ್, ಚಿಕ್ಕಮಗಳೂರಿನಲ್ಲಿ ಮೆಸ್ಕಾಂ. ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಪಡೆದು ಬಾಕಿ ನೋಡಿ. ವೈರಿಂಗ್ ಹಳೆಯದಾದರೆ ಪೂರ್ತಿ ಬದಲಿಸಿ, ಹೊಸ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸಿ. ಒದ್ದೆ ಗೋಡೆಯ ಮನೆಯಲ್ಲಿ ಇದು ಜೀವದ ಮಾತು.

ಹಣ, ಕರಾರು, ನೋಂದಣಿ

ಹಣ ಹೊರದೇಶದ ಖಾತೆಯಿಂದ ನೇರವಾಗಿ, ಇಲ್ಲವೇ ಅನಿವಾಸಿಗಳಿಗೆಂದೇ ಇರುವ ನಿಮ್ಮ ಎನ್‌ಆರ್‌ಇ, ಎನ್‌ಆರ್‌ಒ ಅಥವಾ ಎಫ್‌ಸಿಎನ್‌ಆರ್ ಖಾತೆಯಿಂದ ಬ್ಯಾಂಕ್ ಮೂಲಕವೇ ಹೋಗಬೇಕು. ಡಾಲರ್ ನೋಟು ಕೂಡದು. ಸ್ಥಿರಾಸ್ತಿಗೆ 20,000 ರೂಪಾಯಿ ಮತ್ತು ಮೇಲ್ಪಟ್ಟ ನಗದು ಮುಂಗಡವನ್ನು ಆದಾಯ ತೆರಿಗೆ ಕಾನೂನೂ ನಿಷೇಧಿಸಿದೆ. "ಅರ್ಧ ಕ್ಯಾಶ್" ಎಂದವರಿಗೆ ಖಡಾಖಂಡಿತ ಇಲ್ಲ ಎನ್ನಿ. ನಾಳೆ ಮನೆ ಮಾರಿದರೆ ನೀವು ವಿದೇಶಿ ಹಣದಲ್ಲಿ ಅಥವಾ ಎನ್‌ಆರ್‌ಇ ಖಾತೆಯಿಂದ ಕೊಟ್ಟಷ್ಟು ಮೊತ್ತವನ್ನು ಹಿಂದಕ್ಕೆ ಒಯ್ಯಬಹುದು, ಈ ಸೌಲಭ್ಯ ಎರಡು ವಾಸದ ಮನೆಗಳವರೆಗೆ. ಕಾಗದದಲ್ಲಿ ಕಾಣದ ಹಣಕ್ಕೆ ಆ ಹಕ್ಕಿಲ್ಲ. ಹಣ ಬಂದದ್ದಕ್ಕೆ ಬ್ಯಾಂಕಿನ ಪತ್ರವನ್ನು ಜೋಪಾನ ಮಾಡಿ. ಪ್ಯಾನ್ ಕಾರ್ಡ್ ಇಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ.

ಮಾರುವವರು ಇಲ್ಲಿಯೇ ನೆಲೆಸಿದವರಾಗಿ ಬೆಲೆ 50 ಲಕ್ಷ ಮುಟ್ಟಿದರೆ ಶೇ. 1 ತೆರಿಗೆ ಹಿಡಿದು ಕಟ್ಟುವುದು ನಿಮ್ಮ ಹೊಣೆ. ಪಾಲುದಾರರಲ್ಲಿ ಒಬ್ಬರು ಅನಿವಾಸಿಯಾಗಿದ್ದರೆ ಅವರ ಪಾಲಿಗೆ 50 ಲಕ್ಷದ ಮಿತಿ ಅನ್ವಯಿಸುವುದಿಲ್ಲ, ಹಿಡಿಯುವ ದರವೂ ಬಹಳ ಹೆಚ್ಚು. ಮುಂಗಡ ಕೊಡುವ ಮುಂಚೆಯೇ ಲೆಕ್ಕಪರಿಶೋಧಕರ ಬಳಿ ಕೂರಿ.

ನೋಂದಣಿ ಖರ್ಚು: ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಶೇ. 10 ಸೆಸ್, ಗ್ರಾಮಾಂತರದಲ್ಲಿ ಶೇ. 3 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ. ಒಟ್ಟು ಶೇ. 7.65. ಮನೆ 30 ಲಕ್ಷದ್ದಾದರೆ 2,29,500 ರೂಪಾಯಿ. ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ, ಕೊಂಡ ಬೆಲೆ ಎರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ.

ಕರಾರಿನಲ್ಲಿ ಒಂದು ಪಟ್ಟಿ ತಪ್ಪದೆ ಸೇರಿಸಿ: ಮುಂಬಾಗಿಲು, ತೊಟ್ಟಿಯ ಕಂಬಗಳು, ಅಟ್ಟದ ಹಲಗೆ, ಬೀಟೆಯ ಮಂಚ, ಹಂಡೆ, ಒರಳು, ಎಣಿಕೆ ಮತ್ತು ಫೋಟೋ ಸಮೇತ. ಮುಂಗಡಕ್ಕೂ ನೋಂದಣಿಗೂ ನಡುವಿನ ತಿಂಗಳುಗಳಲ್ಲಿ ಹಳೇ ಮರಮುಟ್ಟು ಕೊಳ್ಳುವವರ ಲಾರಿ ಬಂದು ಕಂಬ ಕಿತ್ತುಕೊಂಡು ಹೋಗಬಹುದು. ಸಹಿ ಹಾಕಲು ಬಂದಾಗ ಕಂಬದ ಬುಡದ ಕಲ್ಲಷ್ಟೇ ಉಳಿದಿರುತ್ತದೆ.

ಸ್ವತಃ ಬರಲಾಗದಿದ್ದರೆ ಅಧಿಕಾರ ಪತ್ರ. ಅದನ್ನು ಭಾರತೀಯ ರಾಯಭಾರ ಅಥವಾ ಕಾನ್ಸುಲೇಟ್ ಕಚೇರಿಯಲ್ಲಿ ಅಧಿಕಾರಿಯ ಎದುರು ಸಹಿ ಮಾಡಿ ದೃಢೀಕರಿಸಿ ಕಳಿಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು; ಈ ಗಡುವು ಮೀರಿಸಿಕೊಂಡು ಮತ್ತೆ ಮೊದಲಿನಿಂದ ಶುರುಮಾಡುವವರು ಇದ್ದಾರೆ. ಈ ಒಂದು ಸ್ವತ್ತನ್ನು ಕೊಳ್ಳುವುದು, ಖಾತೆ ಬದಲಾವಣೆ, ವಿದ್ಯುತ್ ಹೆಸರು ಬದಲಾವಣೆ, ಇಷ್ಟಕ್ಕೇ ಅಧಿಕಾರ ಇರಲಿ. ಮಾರುವ, ಅಡವಿಡುವ ಅಧಿಕಾರ ತಮ್ಮನಿಗಾದರೂ ಬರೆಯಬೇಡಿ. ನೋಂದಣಿಯನ್ನು ಜಿಲ್ಲೆಯ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಮಾಡಿಸಬಹುದು, ಮೂಡಿಗೆರೆಯಲ್ಲಿ ಸಮಯ ಸಿಗದಿದ್ದರೆ ಚಿಕ್ಕಮಗಳೂರು. ಮುಗಿದ ಕೂಡಲೇ ಪಂಚಾಯ್ತಿ ಖಾತೆ ನಿಮ್ಮ ಹೆಸರಿಗೆ ಬರುವವರೆಗೂ ಬೆನ್ನು ಬಿಡಬೇಡಿ.

ಕೊಂಡ ಮೇಲೆ

ಸೂರಿನ ಕೆಲಸಕ್ಕೆ ಡಿಸೆಂಬರ್ ರಜೆ ಅನುಕೂಲ ಎನಿಸುತ್ತದೆ. ಆಗ ಆಳು ಸಿಗುವುದಿಲ್ಲ: ಡಿಸೆಂಬರಿನಿಂದ ಫೆಬ್ರವರಿವರೆಗೆ ಊರೆಲ್ಲ ಕಾಫಿ ಕುಯ್ಲಿನಲ್ಲಿರುತ್ತದೆ. ಜನವರಿಯಲ್ಲೇ ಹೆಂಚು, ಮರ ತಂದು ಒಣಗಿಸಿಟ್ಟು, ಮಾರ್ಚ್‌ನಲ್ಲಿ ಸೂರು ಬಿಚ್ಚಿ. ನಡುವೆ ಕಾಫಿ ಹೂ ಅರಳಿಸುವ ಹೂಮಳೆ ಬರುತ್ತದೆ, ದೊಡ್ಡ ಟಾರ್ಪಾಲಿನ್ ಕೈಯಳತೆಯಲ್ಲಿರಲಿ. ಮೇ 20ರೊಳಗೆ ಕೋಡಿನ (ಸೂರಿನ ನೆತ್ತಿಯ) ಹೆಂಚು ಕೂರಬೇಕು.

ಖಾಲಿ ಮನೆ ಬೇಗ ಹಾಳಾಗುವುದು ಒಲೆ ಉರಿಯದ ಕಾರಣಕ್ಕೆ. ದಿನಾ ಏರುತ್ತಿದ್ದ ಹೊಗೆ ಅಟ್ಟದ ಮರವನ್ನು ಒಣಗಿಸಿ ಹುಳ ದೂರ ಇಡುತ್ತಿತ್ತು. ಅದಕ್ಕೇ ನೋಡಿಕೊಳ್ಳುವವರಿಗೆ ಬೀಗದ ಕೈ ಕೊಟ್ಟು ಬರುವುದಷ್ಟೇ ಸಾಲದು, ಕೆಲಸ ಬರೆದು ಕೊಡಿ: ವಾರಕ್ಕೆರಡು ಸಲ ಬಚ್ಚಲೊಲೆಗೂ ಅಡುಗೆ ಒಲೆಗೂ ಬೆಂಕಿ, ಬಿಸಿಲಿದ್ದ ದಿನ ಕಿಟಕಿ ತೆರೆಯುವುದು, ಜೂನ್ ಕೊನೆಯ ಆರಿದ್ರಾ ಮಳೆಗೆ ಮುಂಚೆ ದಂಬೆಯ ತರಗೆಲೆ ತೆಗೆಯುವುದು, ಮಂಗಗಳು ಸರಿಸಿದ ಹೆಂಚನ್ನು ಅದೇ ದಿನ ಕೂರಿಸುವುದು. ಕೊಟ್ಟಿಗೆಯಲ್ಲಿ ಅದೇ ಅಚ್ಚಿನ 50 ಹೆಂಚು ಜೋಡಿಸಿಡಿ. ಸಂಬಳ ತಿಂಗಳಿಗೆ ಸರಿಯಾಗಿ ಅವರ ಖಾತೆಗೆ ಹೋಗಲಿ, 11 ತಿಂಗಳ ಕರಾರು ಇರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಟ್ಟದ ಒಳಗಿನಿಂದ ಒಂದು ವಿಡಿಯೋ ತರಿಸಿಕೊಳ್ಳಿ, ಟಾರ್ಚ್ ಆರಿಸಿ ತೆಗೆದದ್ದು.